ಓಪೆತ್‌ನ ಗ್ರೋಲ್ ಮತ್ತು ಪಕ್ಕದ ಮನೆ ಹುಡುಗ

ಚಿಕ್ಕಮಗಳೂರು
24 ನವೆಂಬರ್ 2024, ಭಾನುವಾರ

ಶುಕ್ರವಾರ ಸ್ವೀಡನ್‌ನ ಮೆಟಲ್ ಬ್ಯಾಂಡ್ ಓಪೆತ್‌ನ ಹೊಸ ಆಲ್ಬಮ್ ಬಂತು. ಅವತ್ತಿಂದ ಬೇರೇನೂ ಕೇಳಿಲ್ಲ. ಅದರ ಗಾಯಕ ಮೈಕೆಲ್ ಓಕರ್‌ಫೆಲ್ಟ್ ಮತ್ತೆ ಗ್ರೋಲ್ ಮಾಡಿದ್ದಾರೆ, ಅಂದರೆ ಗಂಟಲಿನಿಂದ ಗುರುಗುಟ್ಟುವ ಆ ಒರಟು ದನಿಯಲ್ಲಿ ಹಾಡಿದ್ದಾರೆ! 2008ರ 'ವಾಟರ್‌ಶೆಡ್' ಆದ ಮೇಲೆ ಅವರ ಆಲ್ಬಮ್‌ಗಳಲ್ಲಿ ಗ್ರೋಲ್ ಇರಲೇ ಇಲ್ಲ, ಬರೀ ಮಾಮೂಲಿ ಹಾಡುಗಾರಿಕೆ. ಅವೂ ಒಳ್ಳೆಯ ಆಲ್ಬಮ್‌ಗಳೇ. ಆದರೆ 16 ವರ್ಷ ಕಳೆದು ಆ ದನಿ ಕಿವಿಗೆ ಬಿದ್ದಾಗ ನನಗೆ ಕಣ್ಣು ತುಂಬಿತು.

ಅವರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಅಂದರೆ ಆ ದಾಟುವಿಕೆ. ಮೆತ್ತಗೆ ಹಾಡುತ್ತಾ ಬಂದವರು ಒಂದೇ ಸಾಲಿನ ಅಂತರದಲ್ಲಿ ಗ್ರೋಲ್‌ಗೆ ಇಳಿಯುತ್ತಾರೆ. ಮತ್ತೆ ಮೆತ್ತಗಾಗುತ್ತಾರೆ. ಗ್ರೋಲ್ ಮಾಡುವಾಗ ಗಂಟಲು ಬಿಗಿದುಕೊಂಡಿದ್ದರೆ ಅದರ ಹಿಂದೆಯೇ ತಿಳಿಯಾದ ಸ್ವರ ಬರುವುದು ಕಷ್ಟ. ವೇದಿಕೆ ಮೇಲೂ ಬರುತ್ತದೆ ಅಂದರೆ ಆ ಮನುಷ್ಯ ಎಷ್ಟು ಹಗುರವಾಗಿ ಗ್ರೋಲ್ ಮಾಡುತ್ತಿದ್ದಾರೆ ಅಂತ ಲೆಕ್ಕ ಹಾಕಿ.

ಮಧ್ಯಾಹ್ನ ಊಟ ಆದ ಮೇಲೆ ಪಕ್ಕದ ಮನೆ ಆಂಟಿ ಮಗನನ್ನು ಕರೆದುಕೊಂಡು ಬಂದರು. ಎರಡನೇ ಪಿಯುಸಿ ಹುಡುಗ. ದನಿ ಪೂರ್ತಿ ಕಟ್ಟಿತ್ತು.

"ದಿನಾ ಸಂಜೆ ಬಾಗಿಲು ಹಾಕ್ಕೊಂಡು ಒರಲ್ತಾನೆ ಮಾರಾಯ್ತಿ. ನೀನೂ ಇದನ್ನೇ ಮಾಡ್ತೀಯಲ್ಲ, ನಿಂಗೆ ಗಂಟ್ಲು ನೋವಾಗಲ್ವಾ?"

ಮೊದಲು ಅವನಿಗೆ ಸುಮ್ಮನಿರೋಕೆ ಹೇಳಿದೆ. ದನಿ ವಾಪಸ್ ಬರೋವರೆಗೆ ಗ್ರೋಲ್ ಬೇಡ, ಪಿಸುಗುಟ್ಟೋದೂ ಬೇಡ, ನೀರು ಕುಡಿ. ಎರಡು ವಾರ ಕಳೆದರೂ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸು. ಇದರಲ್ಲಿ ರಾಜಿ ಇಲ್ಲ. ಆಮೇಲೆ ಅಲ್ಲೇ ಕುರ್ಚಿ ಮೇಲೆ ಕೂತು ಒಂದು ಸಾಲು ಗ್ರೋಲ್ ಮಾಡಿ ತೋರಿಸಿದೆ. ಆಂಟಿ ನನ್ನ ಮುಖವನ್ನೇ ನೋಡಿದರು.

"ಇಷ್ಟೇನಾ ಸದ್ದು?"

ಇಷ್ಟೇ. ಎಲ್ಲರಿಗೂ ನಾನು ಹೇಳಬೇಕು ಅಂದುಕೊಂಡಿದ್ದು ಇದನ್ನೇ. ಗ್ರೋಲ್ ಅಷ್ಟೇನೂ ಜೋರಲ್ಲ. ನಾವು ಮಾತಾಡುವ ಸದ್ದಿಗಿಂತ ಸ್ವಲ್ಪ ಜಾಸ್ತಿ ಇದ್ದರೆ ಸಾಕು. ಉಳಿದ ಕೆಲಸ ಮೈಕಿನದು. ಸ್ಪೀಕರಿನಿಂದ ಬರುವ ಗಾತ್ರವನ್ನು ಗಂಟಲಿನಿಂದಲೇ ತೆಗೆಯೋಕೆ ಹೋಗುವ ಹುಡುಗರು ದನಿ ಕಳೆದುಕೊಳ್ಳುತ್ತಾರೆ. ನಮ್ಮ ಕಡೂರಿನ ಕಡೆ ವೀರಗಾಸೆಯವರು ವಾದ್ಯಗಳ ಅಬ್ಬರದ ನಡುವೆ ನಿಂತು ಒಡಪು ಹೇಳುತ್ತಾರಲ್ಲ, ಅದು ಬೇರೆ ವಿದ್ಯೆ. ಅಲ್ಲಿ ದನಿ ಮೈಕಿಲ್ಲದೆ ಇಡೀ ಜಾತ್ರೆಗೆ ಮುಟ್ಟಬೇಕು. ಆದರೆ ಹೊಟ್ಟೆಯಿಂದ ಉಸಿರು ತೆಗೆಯೋದನ್ನು ಅವರನ್ನು ನೋಡಿ ಕಲಿಯಬಹುದು.

ಹುಡುಗನಿಗೆ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ನಾವು ಮಾತಾಡುವುದು ಧ್ವನಿತಂತುಗಳಿಂದ. ಅವುಗಳ ಸ್ವಲ್ಪ ಮೇಲೆ ಇನ್ನೊಂದು ಜೊತೆ ದಪ್ಪ ಮಡಿಕೆಗಳಿವೆ. ಮೆಟಲ್ ಹಾಡುವವರು ಅದನ್ನು ಫಾಲ್ಸ್ ಕಾರ್ಡ್ ಅನ್ನುತ್ತಾರೆ. ನುಂಗುವಾಗ ಅನ್ನ ನೀರು ಶ್ವಾಸನಾಳಕ್ಕೆ ಹೋಗದಂತೆ ಮುಚ್ಚುವುದರಲ್ಲಿ ಅವುಗಳ ಪಾಲೂ ಇದೆ. ಕಾಫಿ ಮೂಟೆ ಎತ್ತುವಾಗ ಉಸಿರು ಕಟ್ಟಿ "ಹುಂ" ಅನ್ನುತ್ತೇವಲ್ಲ, ಆಗ ಬಿಗಿಯಾಗುವುದೂ ಅವೇ. ಆ "ಹುಂ" ಬಿಗಿಯನ್ನು ಸ್ವಲ್ಪ ಸಡಿಲ ಮಾಡಿ, ಅದರ ಮೂಲಕ ಉಸಿರನ್ನು ಸಮವಾಗಿ ಬಿಟ್ಟರೆ ಮಡಿಕೆಗಳು ಅದುರುತ್ತವೆ. ಆ ಒರಟು ದನಿ ಹುಟ್ಟುವುದು ಹಾಗೆ. ಲಾರ್ನಾ ಶೋರ್ ಅನ್ನುವ ಮೆಟಲ್ ಬ್ಯಾಂಡ್‌ನ ಗಾಯಕ ವಿಲ್ ರಾಮೋಸ್ ತನ್ನ ಗಂಟಲಿಗೆ ಕ್ಯಾಮೆರಾ ಇಳಿಸಿಕೊಂಡು ಗ್ರೋಲ್ ಮಾಡಿ ತೋರಿಸಿದ್ದಾರೆ. ನೋಡಿದರೆ ಧ್ವನಿತಂತುಗಳ ಮೇಲಿನ ಭಾಗವೆಲ್ಲ ಕುಣಿಯುತ್ತಿರುತ್ತದೆ.

ಇದು ಮೆಟಲ್‌ನವರು ಕಂಡುಹಿಡಿದದ್ದೂ ಅಲ್ಲ. ರಷ್ಯಾದ ತುವಾ ಪ್ರಾಂತ್ಯದ ಕರ್ಗಿರಾ ಹಾಡುಗಾರಿಕೆಯಲ್ಲಿ ಇದೇ ಮಡಿಕೆಗಳು ಧ್ವನಿತಂತುಗಳ ಅರ್ಧ ವೇಗದಲ್ಲಿ ಅದುರುತ್ತವೆ. ಅದಕ್ಕೇ ಸ್ವರ ಒಂದು ಸ್ಥಾಯಿ ಕೆಳಗೆ ಕೇಳುತ್ತದೆ. ಗ್ರೋಲ್‌ನಲ್ಲಿ ಅದುರುವಿಕೆಗೆ ಅಂಥ ಲೆಕ್ಕ ಇಲ್ಲ, ಹಾಗಾಗಿ ಶ್ರುತಿ ಹಿಡಿಯೋಕೆ ಸಿಗಲ್ಲ. ಮೆಟಲ್‌ನ ಒರಟು ಬಗೆಯಾದ ಡೆತ್ ಮೆಟಲ್‌ಗೆ ಈ ದನಿ ಬಂದದ್ದು ಎಂಬತ್ತರ ದಶಕದಲ್ಲಿ. 1985ರಲ್ಲಿ ಕ್ಯಾಲಿಫೋರ್ನಿಯಾದ ಪೊಸೆಸ್ಡ್ ಬ್ಯಾಂಡ್, 1987ರಲ್ಲಿ ಫ್ಲೋರಿಡಾದ ಡೆತ್ ಅನ್ನುವ ಬ್ಯಾಂಡ್.

"ಅಕ್ಕಾ, ಹುಡುಗೀರಿಗೆ ಇದು ಹೇಗೆ ಬರುತ್ತೆ?" ಅಂತ ಪಿಸುಗುಟ್ಟಿದ. ಪಿಸುಗುಟ್ಟಬೇಡ ಅಂತ ಮತ್ತೆ ಹೇಳಬೇಕಾಯಿತು. ಏಂಜೆಲಾ ಗೊಸೊ 2000ದಲ್ಲಿ ಆರ್ಚ್ ಎನಿಮಿ ಬ್ಯಾಂಡ್ ಸೇರಿ, 2014ರಲ್ಲಿ ಅಲಿಸ್ಸಾ ವೈಟ್-ಗ್ಲುಜ್‌ಗೆ ಜಾಗ ಬಿಡುವವರೆಗೂ ಗ್ರೋಲ್ ಮಾಡಿದರು. ಮಾತಾಡುವ ದನಿ ತೆಳುವೋ ದಪ್ಪವೋ ಅನ್ನುವುದು ಇಲ್ಲಿ ಅಷ್ಟು ದೊಡ್ಡ ವಿಷಯ ಅಲ್ಲ. ಅವರನ್ನು ಕೇಳಿಯೇ ನನಗೂ ಧೈರ್ಯ ಬಂದದ್ದು.

ಆಂಟಿಯ ಚಿಂತೆ ಬೇರೆ ಇತ್ತು. ಇಷ್ಟೊಂದು ಸಿಟ್ಟಿನ ಹಾಡು ಕೇಳಿ ಹುಡುಗ ಹಾಳಾಗಲ್ವಾ? 2015ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಇಂಥ ಸಂಗೀತ ಕೇಳುವ 39 ಜನರನ್ನು ಕೂರಿಸಿ, ಸಿಟ್ಟು ಬಂದ ಘಟನೆಗಳನ್ನು ನೆನಪು ಮಾಡಿಸಿದರು. ಆಮೇಲೆ ಕೆಲವರಿಗೆ ಅವರದೇ ಹಾಡು, ಉಳಿದವರಿಗೆ ಮೌನ. ಹಾಡು ಕೇಳಿದವರ ಸಿಟ್ಟು ಏರಲಿಲ್ಲ, ಕಿರಿಕಿರಿ ಇಳಿಯಿತು. ಇದನ್ನು ಹೇಳಿದೆ. ಆದರೆ ನನ್ನ ಮಟ್ಟಿಗೆ ವಿಷಯ ಬರೀ ಸಿಟ್ಟಿನದ್ದಲ್ಲ. ಅಪ್ಪ ತೀರಿಹೋದ ವರ್ಷ ನನಗೆ ಯಾವ ಭಾವಗೀತೆಯೂ ಹಿಡಿಸಲಿಲ್ಲ. ಎಲ್ಲವೂ ತುಂಬಾ ಚಂದ ಇದ್ದವು. ಒಳಗೆ ಇದ್ದದ್ದು ಚಂದ ಇರಲಿಲ್ಲ. ಗ್ರೋಲ್ ಅದನ್ನು ಇದ್ದ ಹಾಗೇ ಹೇಳಿತು. ಆಂಟಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೂಂ, ಕಲಿಸು ಹಾಗಾದ್ರೆ" ಅಂದರು.

ಅವನಿಗೆ ಕನ್ನಡದಲ್ಲೇ ಗ್ರೋಲ್ ಮಾಡುವ ಆಸೆಯಂತೆ. ನನಗೂ ಅದೇ ಹುಚ್ಚು! ಗ್ರೋಲ್‌ನಲ್ಲಿ ಸ್ವರಾಕ್ಷರಗಳೆಲ್ಲ ಮಂಕಾಗುತ್ತವೆ, ಮಾತು ತಿಳಿಯಬೇಕಾದರೆ ವ್ಯಂಜನಗಳೇ ದಾರಿ. ಆದರೆ ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ. ಕೊನೆಯ 'ಉ', 'ಎ' ಎಳೆದರೆ ಸಾಲು ಸೊರಗುತ್ತದೆ, ಉಸಿರೂ ಸುಮ್ಮನೆ ಹೋಗುತ್ತದೆ. ಅಲ್ಲಿ ನಮ್ಮನ್ನು ಕಾಪಾಡುವುದು ಒತ್ತಕ್ಷರ. ಕತ್ತಲು, ಸಿಟ್ಟು, ಬೆಟ್ಟ, ಹಳ್ಳ. ಒತ್ತಿನ ಮೇಲೆ ಡ್ರಮ್ ಏಟು ಬೀಳಬೇಕು. ಹಿಂದಿನ ಸ್ವರ ಗಿಡ್ಡ ಇರಬೇಕು, ಕೊನೆಯದನ್ನು ನುಂಗಿಬಿಡಬೇಕು. "ಹಳ್ಳ ಉಕ್ಕಿ ಕಲ್ಲು ಕೊಚ್ಚಿತು" ಅಂತ ಒಂದು ಸಾಲು ಬರೆದುಕೊಟ್ಟೆ. ದನಿ ಬಂದ ಮೇಲೆ ಮೊದಲು ಬರೀ ಮಾತಿನಲ್ಲಿ, ತಾಳಕ್ಕೆ ಸರಿಯಾಗಿ ಹೇಳಿ ಅಭ್ಯಾಸ ಮಾಡು, ಗ್ರೋಲ್ ಆಮೇಲೆ ಅಂದೆ. ಹುಡುಗ ಅಲ್ಲೇ ಮೇಜಿನ ಮೇಲೆ ಬೆರಳಲ್ಲಿ ಬಡಿದು ನೋಡಿದ. 'ಕೊಚ್ಚಿತು' ಒಂದು ಮಾತ್ರ ಅರ್ಧ ಏಟು ಹಿಂದೆ ಬೀಳುತ್ತಿದೆ.