ಬೀಪ್ ಅಂದ ಮೇಲೆ ಏನಾಯಿತು?

14 ಮಾರ್ಚ್ 2026, ಶನಿವಾರ

ಇವತ್ತು ಸೆಕ್ಯುರಿಟಿ ಚೆಕ್‌ನಲ್ಲಿ ನನ್ನ ಬ್ಯಾಗನ್ನು ಬೆಲ್ಟಿನಿಂದ ಪಕ್ಕಕ್ಕೆ ತಳ್ಳಿದರು. ಅಲ್ಲಿದ್ದ ಹುಡುಗಿ ಒಂದು ಸಣ್ಣ ಬಟ್ಟೆಪಟ್ಟಿಯನ್ನು ಜಿಪ್ಪು, ಹಿಡಿ, ಲ್ಯಾಪ್‌ಟಾಪಿನ ಅಂಚಿನ ಮೇಲೆಲ್ಲ ಸವರಿದಳು. ಪಕ್ಕದ ಯಂತ್ರದ ಬಾಯಿಗೆ ಅದನ್ನು ತೂರಿಸಿದಳು. ಕೆಲವೇ ಸೆಕೆಂಡು, ಹಸಿರು ದೀಪ, ಹೋಗಬಹುದು ಅಂದಳು. ವಿಮಾನ ತಡ ಅಂತ ಬೋರ್ಡಿನಲ್ಲಿ ಬಂದಿತ್ತು. ಹಾಗಾಗಿ ಗೇಟಿನ ಹತ್ತಿರ ಕೂತು ಇದನ್ನು ಬರೆಯುತ್ತಿದ್ದೇನೆ.

ಆ ಪಟ್ಟಿಯ ಯಂತ್ರ ನನಗೆ ಬಹಳ ಇಷ್ಟ. ಒಳಗೆ ಹೋದ ಪಟ್ಟಿಯನ್ನು ಅದು ಬಿಸಿ ಮಾಡುತ್ತದೆ. ಅಂಟಿಕೊಂಡಿರುವ ಕಣಗಳು ಆವಿಯಾಗುತ್ತವೆ. ಆ ಆವಿಗೆ ವಿದ್ಯುತ್ ಚಾರ್ಜ್ ಕೊಟ್ಟು ಒಂದು ಕೊಳವೆಯೊಳಗೆ ಓಡಿಸುತ್ತದೆ. ಯಾವುದು ಎಷ್ಟು ಹೊತ್ತಿಗೆ ಆ ತುದಿ ಮುಟ್ಟಿತು ಅಂತ ಅಳೆದು, ವಸ್ತು ಯಾವುದು ಅಂತ ಗುರುತು ಹಿಡಿಯುತ್ತದೆ. ಅಯಾನ್ ಮೊಬಿಲಿಟಿ ಸ್ಪೆಕ್ಟ್ರೋಮೀಟರ್ ಅಂತ ಅದರ ಹೆಸರು. ಸ್ಫೋಟಕ ಮುಟ್ಟಿದ ಕೈ ಬ್ಯಾಗಿಗೆ ತಗುಲಿದ್ದರೂ ಸಾಕು, ನ್ಯಾನೋಗ್ರಾಂ ಲೆಕ್ಕದ ಕುರುಹನ್ನೂ ಅದು ಹಿಡಿಯುತ್ತದೆ. ಮೂಗು ಇಷ್ಟು ಚುರುಕಾದರೆ ಸುಳ್ಳು ಅಲಾರಂ ಕೂಡ ಜಾಸ್ತಿ. ತೋಟಕ್ಕೆ ಗೊಬ್ಬರ ಹಾಕಿ ಬಂದವರು, ಎದೆನೋವಿಗೆ ನೈಟ್ರೋಗ್ಲಿಸರಿನ್ ತೆಗೆದುಕೊಳ್ಳುವವರು ಸುಮ್ನೆ ಸಿಕ್ಕಿಬೀಳಬಹುದು.

ಆದರೆ ಇಷ್ಟೆಲ್ಲ ಓದಿಕೊಂಡ ಮೇಲೆ ನನ್ನ ತಲೆಯಲ್ಲಿ ಉಳಿದಿರುವುದು ಬೇರೆಯೇ ಪ್ರಶ್ನೆ. ಯಂತ್ರ ಬೀಪ್ ಅಂತು, ಸರಿ. ಆಮೇಲೆ ಯಾರು ಏನು ಮಾಡಿದರು?

1985ರ ಜೂನ್‌ನಲ್ಲಿ ಟೊರಾಂಟೊದಲ್ಲಿ ನಡೆದದ್ದು ನೋಡಿ. ಏರ್ ಇಂಡಿಯಾ 182, ಕನಿಷ್ಕ ವಿಮಾನ. ಲಗೇಜ್ ನೋಡುತ್ತಿದ್ದ ಎಕ್ಸ್‌ರೇ ಯಂತ್ರ ಆ ದಿನ ನಡುವೆಯೇ ಕೆಟ್ಟುಹೋಯಿತು. ಉಳಿದ ಬ್ಯಾಗುಗಳನ್ನು ಕೈಯಲ್ಲಿ ಹಿಡಿಯುವ ಸ್ಫೋಟಕ ಶೋಧಕದಿಂದ ನೋಡಿದರು. ಒಂದು ಸೂಟ್‌ಕೇಸಿನ ಹತ್ತಿರ ಅದು ಸದ್ದು ಮಾಡಿತು. ಬಾಂಬ್ ಇದ್ದದ್ದು ಅದರಲ್ಲೇ ಅಂತ ಹೇಳುವಂತಿಲ್ಲ. ಆದರೆ ಸದ್ದು ಬಂದರೆ ಯಾರಿಗೆ ಹೇಳಬೇಕು, ಏನು ಮಾಡಬೇಕು ಅಂತ ಆ ಕೆಲಸಗಾರರಿಗೆ ಸರಿಯಾಗಿ ಹೇಳಿಕೊಟ್ಟೇ ಇರಲಿಲ್ಲ. ಸೂಟ್‌ಕೇಸ್ ವಿಮಾನ ಹತ್ತಿತು. ಜೂನ್ 23ರಂದು ಅಟ್ಲಾಂಟಿಕ್ ಮೇಲೆ ವಿಮಾನ ಸ್ಫೋಟಗೊಂಡು 329 ಜನ ಸತ್ತರು. ಬಾಂಬ್ ಇದ್ದ ಬ್ಯಾಗನ್ನು ವ್ಯಾಂಕೂವರಿನಲ್ಲಿ ಕೊಟ್ಟವನು ವಿಮಾನವನ್ನೇ ಹತ್ತಿರಲಿಲ್ಲ.

ಮೂರು ವರ್ಷ ಆದ ಮೇಲೆ ಸ್ಕಾಟ್ಲೆಂಡಿನ ಲಾಕರ್‌ಬಿಯಲ್ಲೂ ಅದೇ ಕಥೆ. 1988ರ ಡಿಸೆಂಬರ್ 21, ಪ್ಯಾನ್ ಆಮ್ 103 ವಿಮಾನ. ಯಜಮಾನನಿಲ್ಲದ ಸೂಟ್‌ಕೇಸು, ಅದರೊಳಗೆ ರೇಡಿಯೊ ಕ್ಯಾಸೆಟ್ ಪ್ಲೇಯರ್, ಪ್ಲೇಯರಿನೊಳಗೆ ಸೆಮ್‌ಟೆಕ್ಸ್ ಅನ್ನುವ ಸ್ಫೋಟಕ. ಕೆಳಗೆ ಊರಿನಲ್ಲಿದ್ದ 11 ಜನರೂ ಸೇರಿ 270 ಸಾವು. ಬ್ಯಾಗು ಹತ್ತಿ ಅದರ ಯಜಮಾನ ಹತ್ತದಿದ್ದರೆ ಬ್ಯಾಗನ್ನು ಇಳಿಸಲೇಬೇಕು ಅನ್ನುವ ನಿಯಮ ಬಿಗಿಯಾದದ್ದು ಈ ಎರಡು ದುರಂತಗಳಿಂದ. ಗೇಟಿಗೆ ಬರದ ಒಬ್ಬನಿಗಾಗಿ ವಿಮಾನ ತಡವಾದಾಗ ನಾವು ಗೊಣಗುತ್ತೇವಲ್ಲ, ಅದರ ಹಿಂದೆ ಎಷ್ಟೋ ಸಲ ಇರುವುದು ಇದೇ ನಿಯಮ.

ನಿಯಮ ಒಳ್ಳೆಯದೇ. ಆದರೆ ಅದರೊಳಗೆ ಒಂದು ನಂಬಿಕೆ ಅಡಗಿತ್ತು. ಬಾಂಬ್ ಇಡುವವನಿಗೆ ತನ್ನ ಜೀವದ ಮೇಲೆ ಆಸೆ ಇರುತ್ತದೆ ಅನ್ನುವ ನಂಬಿಕೆ.

2001ರ ಸೆಪ್ಟೆಂಬರ್ 11ರ ಬೆಳಗ್ಗೆ ವಾಷಿಂಗ್ಟನ್ನಿನ ಡಲ್ಲಸ್ ವಿಮಾನ ನಿಲ್ದಾಣದಿಂದ ಅಮೆರಿಕನ್ ಏರ್‌ಲೈನ್ಸ್ 77 ವಿಮಾನ ಹತ್ತಿದ ಅಪಹರಣಕಾರರು ಐದು ಜನ. ಐವರ ಮೇಲೂ ಮೊದಲೇ ಅನುಮಾನದ ಗುರುತು ಬಿದ್ದಿತ್ತು. ಮೂವರನ್ನು ಕಂಪ್ಯೂಟರ್ ಆರಿಸಿತ್ತು, ಇಬ್ಬರನ್ನು ಕೌಂಟರಿನ ಸಿಬ್ಬಂದಿ. ಇದರಿಂದ ಆದದ್ದೇನು? ಅವರು ವಿಮಾನ ಹತ್ತಿದ್ದು ಖಚಿತವಾಗುವ ತನಕ ಅವರ ಲಗೇಜನ್ನು ತುಂಬಿಸಲಿಲ್ಲ. ಅಷ್ಟೇ! ಅವರು ಹತ್ತಿದರು, ಲಗೇಜೂ ಹತ್ತಿತು. ಅದಕ್ಕೂ ಮುಂಚೆ ಲೋಹ ಶೋಧಕ ಅವರಲ್ಲಿ ಮೂವರ ಮೇಲೆ ಸದ್ದು ಮಾಡಿತ್ತು. ಒಬ್ಬನ ಮೇಲೆ ಎರಡನೆಯ ಶೋಧಕ ಸದ್ದು ಮಾಡಲಿಲ್ಲ, ಇನ್ನಿಬ್ಬರ ಮೇಲೆ ಕೈ ಶೋಧಕ ಆಡಿಸಿ ಬಿಟ್ಟುಬಿಟ್ಟರು. ಸದ್ದಿಗೆ ಕಾರಣ ಏನು ಅಂತ ಹುಡುಕಿದ್ದು ವಿಡಿಯೊದಲ್ಲಿ ಎಲ್ಲೂ ಕಾಣುವುದಿಲ್ಲ. ಆಗ ನಾಲ್ಕು ಇಂಚಿಗಿಂತ ಚಿಕ್ಕ ಅಲಗಿನ ಚಾಕುವಿಗೆ ಅನುಮತಿಯೂ ಇತ್ತು ಅನ್ನಿ. ಅವತ್ತಿನ ಯಂತ್ರಗಳಿಗೆ ನಾನು ಒಳ್ಳೆ ಅಂಕವನ್ನೇ ಕೊಡುತ್ತೇನೆ. ಸದ್ದು ಮಾಡುವುದು ಅವುಗಳ ಕೆಲಸ, ಮಾಡಿದವು.

ಆಮೇಲಿನದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಕಥೆ. ಅದೇ ಡಿಸೆಂಬರಿನಲ್ಲಿ ರಿಚರ್ಡ್ ರೀಡ್ ಶೂ ಒಳಗೆ ಬಾಂಬ್ ಇಟ್ಟುಕೊಂಡು ಪ್ಯಾರಿಸಿನಿಂದ ಹೊರಟ. ನಾವು ಶೂ ಬಿಚ್ಚಿದೆವು. ಅಮೆರಿಕದಲ್ಲಿ ಅದು ನಿಂತದ್ದು 2025ರ ಜುಲೈನಲ್ಲಿ. 2006ರ ಆಗಸ್ಟಿನಲ್ಲಿ ಬ್ರಿಟನ್ನಿನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾಯಿತು. ಕೈಚೀಲದಲ್ಲಿ 100 ಮಿಲಿ ಲೀಟರಿಗಿಂತ ದೊಡ್ಡ ದ್ರವದ ಬಾಟಲಿ ಒಯ್ಯಬಾರದು ಅನ್ನುವ ನಿಯಮ ಬಂತು. ಆ ಸಂಚನ್ನು ಹಿಡಿದದ್ದು ಯಾವ ಸ್ಕ್ಯಾನರೂ ಅಲ್ಲ. ಬೇಹುಗಾರರು ಮತ್ತು ಪೊಲೀಸರು ಆ ಗುಂಪಿನ ಬೆನ್ನು ಹತ್ತಿ ಕಾದಿದ್ದರು.

ಈಗ ಬರುತ್ತಿರುವ, ಆಸ್ಪತ್ರೆಯಲ್ಲಿರುವಂಥ ಸಿಟಿ (CT) ಸ್ಕ್ಯಾನರುಗಳು ನಿಜವಾಗಿಯೂ ದೊಡ್ಡ ಹೆಜ್ಜೆ. ಹಳೆಯ ಎಕ್ಸ್‌ರೇ ತೋರಿಸುವುದು ಒಂದರ ಮೇಲೊಂದು ಬಿದ್ದ ನೆರಳುಗಳನ್ನು. ಅದರಲ್ಲಿ ಲೋಹ ನೀಲಿ, ಸಾವಯವ ವಸ್ತು ಕಿತ್ತಳೆ ಬಣ್ಣ. ಸ್ಫೋಟಕವೂ ಕಿತ್ತಳೆ, ಸೋಪೂ ಕಿತ್ತಳೆ, ಪುಸ್ತಕವೂ ಕಿತ್ತಳೆ. ಲ್ಯಾಪ್‌ಟಾಪ್ ಹೊರಗೆ ತೆಗೆಸುತ್ತಿದ್ದದ್ದೂ ಈ ನೆರಳಿನ ಗೋಜಲಿನಿಂದಲೇ. ಸಿಟಿ ಯಂತ್ರ ಬ್ಯಾಗಿನ ಸುತ್ತ ತಿರುಗಿ ಮೂರು ಆಯಾಮದ ಚಿತ್ರ ಕೊಡುತ್ತದೆ. ಪ್ರತಿ ವಸ್ತುವಿನ ಸಾಂದ್ರತೆ ಲೆಕ್ಕ ಹಾಕಿ, ಅನುಮಾನ ಬಂದದ್ದರ ಸುತ್ತ ಪರದೆಯ ಮೇಲೆ ತಾನೇ ಚೌಕ ಹಾಕುತ್ತದೆ. ಪರದೆ ನೋಡುವವರು ಚಿತ್ರವನ್ನು ಬೆರಳಲ್ಲಿ ತಿರುಗಿಸಿ ನೋಡಬಹುದು.

ಪರದೆ ನೋಡುವವರ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಇಡೀ ವೃತ್ತಿಜೀವನದಲ್ಲಿ ಒಂದು ನಿಜವಾದ ಬಾಂಬನ್ನೂ ನೋಡದೆ ನಿವೃತ್ತರಾಗುವವರೇ ಹೆಚ್ಚು. ಅಪರೂಪಕ್ಕೂ ಸಿಗದ ವಸ್ತುವನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಹುಡುಕುತ್ತಾ ಕೂರಬೇಕು. ಅಪರೂಪ ಆದಷ್ಟೂ ಕಣ್ಣು ತಪ್ಪುವುದು ಜಾಸ್ತಿ ಅಂತ ಮನೋವಿಜ್ಞಾನದ ಪ್ರಯೋಗಗಳೇ ತೋರಿಸಿವೆ. ಅದಕ್ಕೆ ಯಂತ್ರವೇ ಆಗಾಗ ಬೇರೆಯವರ ಬ್ಯಾಗಿನ ಚಿತ್ರದೊಳಗೆ ಸುಳ್ಳು ಪಿಸ್ತೂಲನ್ನೋ ಬಾಂಬನ್ನೋ ಸೇರಿಸುತ್ತದೆ. ಗುರುತಿಸಿ ಗುಂಡಿ ಒತ್ತಿದರೆ, ಇದು ಪರೀಕ್ಷೆ ಅಂತ ಹೇಳುತ್ತದೆ. ಎಷ್ಟು ಸರಳ, ಎಷ್ಟು ಜಾಣತನ ಅಲ್ವಾ? ಈ ಇಡೀ ವ್ಯವಸ್ಥೆಯಲ್ಲಿ ನನಗೆ ತುಂಬ ಮೆಚ್ಚುಗೆಯಾದ ತಂತ್ರಜ್ಞಾನ ಇದು. ಮನುಷ್ಯನನ್ನು ಪಕ್ಕಕ್ಕೆ ಸರಿಸುವ ಬದಲು ಎಚ್ಚರವಾಗಿಡುತ್ತದೆ. ಆದರೂ 2015ರಲ್ಲಿ ಹೊರಬಿದ್ದ ಅಮೆರಿಕದ ರಹಸ್ಯ ಪರೀಕ್ಷೆಯಲ್ಲಿ, ವೇಷ ಮರೆಸಿದ ಅಧಿಕಾರಿಗಳು 70 ಪ್ರಯತ್ನಗಳಲ್ಲಿ 67 ಸಲ ನಕಲಿ ಬಾಂಬು, ಆಯುಧ ದಾಟಿಸಿದ್ದರು.

ಮುಖ ಗುರುತಿಸುವ ಗೇಟುಗಳ ಬಗ್ಗೆ ನನಗೆ ಅಂಥ ಉತ್ಸಾಹ ಇಲ್ಲ. ಕ್ಯೂ ಬೇಗ ಸರಿಯುತ್ತದೆ, ಒಪ್ಪಿದೆ. ಆದರೆ ರೀಡ್ ಬಂದದ್ದು ತನ್ನದೇ ಹೆಸರಿನ ನಿಜವಾದ ಪಾಸ್‌ಪೋರ್ಟಿನಲ್ಲಿ. 2009ರ ಕ್ರಿಸ್ಮಸ್ ದಿನ ಒಳ ಉಡುಪಿನಲ್ಲಿ ಪಿಇಟಿಎನ್ ಸ್ಫೋಟಕ ಹೊಲಿಸಿಕೊಂಡು ಡೆಟ್ರಾಯಿಟಿಗೆ ಹಾರಿದ ಉಮರ್ ಫಾರೂಕ್ ಅಬ್ದುಲ್‌ಮುತಲ್ಲಬ್ ಹತ್ತಿರ ಚಾಲ್ತಿಯಲ್ಲಿದ್ದ ವೀಸಾ ಇತ್ತು. ಮುಖದ ಗೇಟು ಇಬ್ಬರಿಗೂ ಹಸಿರು ದೀಪ ತೋರಿಸುತ್ತಿತ್ತು. ಎರಡನೆಯವನ ಅಪ್ಪ, ಮಗ ದಾರಿ ತಪ್ಪಿದ್ದಾನೆ ಅಂತ ಅದಕ್ಕೆ ಒಂದು ತಿಂಗಳ ಮುಂಚೆಯೇ ನೈಜೀರಿಯಾದ ಅಮೆರಿಕನ್ ರಾಯಭಾರ ಕಚೇರಿಗೆ ಹೋಗಿ ಹೇಳಿದ್ದರು. ಹೆಸರು ಒಂದು ದೊಡ್ಡ ಪಟ್ಟಿಗೆ ಸೇರಿತು. ವಿಮಾನ ಹತ್ತಿಸಬಾರದವರ ಪಟ್ಟಿಗೆ ಸೇರಲಿಲ್ಲ. ಇದೂ ಬೀಪೇ. ಹೆತ್ತ ಅಪ್ಪನೇ ಕೊಟ್ಟ ಬೀಪು.

ಬೀಪನ್ನು ಕೇಳಿಸಿಕೊಂಡ ಒಂದು ಉದಾಹರಣೆಯೂ ಇದೆ. 2010ರ ಅಕ್ಟೋಬರಿನಲ್ಲಿ ಯೆಮೆನ್‌ನಿಂದ ಸರಕಾಗಿ ಹೊರಟ ಪ್ರಿಂಟರುಗಳ ಕಾರ್ಟ್ರಿಜ್ ಒಳಗೆ ಪಿಇಟಿಎನ್ ತುಂಬಿದ್ದರು. ಬ್ರಿಟನ್ನಿನ ಈಸ್ಟ್ ಮಿಡ್‌ಲ್ಯಾಂಡ್ಸ್ ನಿಲ್ದಾಣದಲ್ಲಿ ಮೊದಲ ತಪಾಸಣೆಯಲ್ಲಿ ಏನೂ ಸಿಗಲಿಲ್ಲ. ಅಲ್ಲಿಗೇ ಬಿಡಬಹುದಿತ್ತು. ಆದರೆ ಸೌದಿ ಬೇಹುಗಾರರ ಸುಳಿವು ಗಟ್ಟಿಯಾಗಿತ್ತು, ಇನ್ನೊಂದು ಪೊಟ್ಟಣ ದುಬೈನಲ್ಲಿ ಸಿಕ್ಕಿತ್ತು. ಮತ್ತೆ ನೋಡಿದರು, ಸಿಕ್ಕಿತು. ಯಂತ್ರ ಇಲ್ಲ ಅಂದ ಮೇಲೂ ಮನುಷ್ಯರು ಸುಳಿವನ್ನು ಬಿಡಲಿಲ್ಲ.

ಇನ್ನು ಯಂತ್ರದ ಮುಂದೆ ಹಾದು ಹೋಗದೆಯೇ ಬರುವ ಅಪಾಯ. 2016ರ ಫೆಬ್ರವರಿ 2ರಂದು ಮೊಗಾದಿಶುವಿನಿಂದ ಹೊರಟ ಡಾಲ್ಲೊ ಏರ್‌ಲೈನ್ಸ್ ವಿಮಾನದಲ್ಲಿ ಲ್ಯಾಪ್‌ಟಾಪ್ ಬಾಂಬ್ ಸಿಡಿಯಿತು. ವಿಮಾನ ಇನ್ನೂ ಪೂರ್ತಿ ಮೇಲೇರಿರಲಿಲ್ಲ. ಪಕ್ಕದಲ್ಲಿ ತೂತು ಬಿದ್ದು ಬಾಂಬ್ ತಂದವನೊಬ್ಬನೇ ಸತ್ತ, ಪೈಲಟ್ ವಿಮಾನವನ್ನು ವಾಪಸ್ ಇಳಿಸಿದರು. ಆಮೇಲೆ ಸಿಸಿಟಿವಿ ನೋಡಿದಾಗ ಗೊತ್ತಾಯಿತು, ಆ ಲ್ಯಾಪ್‌ಟಾಪನ್ನು ತಪಾಸಣೆ ದಾಟಿದ ಮೇಲೆ ಅವನ ಕೈಗೆ ಕೊಟ್ಟದ್ದು ನಿಲ್ದಾಣದ ಕೆಲಸಗಾರರು. ಬೆರಳಚ್ಚು ಒತ್ತಿ ಒಳಗೆ ಹೋಗುವ ಸಿಬ್ಬಂದಿ ಬಾಗಿಲುಗಳು ಈಗ ಎಷ್ಟೋ ಕಡೆ ಬಂದಿವೆ. ಅವು ಬೆರಳನ್ನು ನೋಡುತ್ತವೆ, ಕೈಯಲ್ಲಿರುವ ವಸ್ತುವನ್ನಲ್ಲ. ಹಾಗಾಗಿ ಆ ಬಾಗಿಲಿನ ಪಕ್ಕವೂ ಒಂದು ಎಕ್ಸ್‌ರೇ ಬೆಲ್ಟು, ಅದರ ಮುಂದೆ ಸಹೋದ್ಯೋಗಿಯ ಬ್ಯಾಗನ್ನೂ ಬಿಚ್ಚಿಸುವ ಧೈರ್ಯ ಇರುವ ಒಬ್ಬರು ಬೇಕು. ಬೆಲ್ಟನ್ನು ಕೊಳ್ಳುವುದು ಸುಲಭದ ಕೆಲಸ.