ಜರಫ್‌ಶಾನ್ ದಂಡೆಗುಂಟ ಸಾರ್ಥದ ನಗರಗಳಿಗೆ

ಮಧ್ಯ ಏಷ್ಯಾದ ಹಳೆಯ ವ್ಯಾಪಾರಿ ನಗರಗಳಿಗೆ ಹೊರಡುವವರ ಕೈಗೆ ಮೊದಲು ಸಿಗುವುದು ನೀಲಿ ಗುಮ್ಮಟಗಳ ಪಟ್ಟಿ. ತಾಷ್ಕೆಂಟ್, ಸಮರ್‌ಕಂದ್, ಬುಖಾರಾ, ಖೀವಾ ಎಂಬ ಕ್ರಮದಲ್ಲಿ ಪ್ರವಾಸ ಸಂಸ್ಥೆಗಳು ಕೊಡುವ ಆ ಪಟ್ಟಿಯಲ್ಲಿ ತಪ್ಪೇನೂ ಇಲ್ಲ. ಆದರೆ ಅದರಲ್ಲಿರುವ ಬಹುಪಾಲು ಕಟ್ಟಡಗಳು ತೈಮೂರನ ಕಾಲದವು, ಇಲ್ಲವೆ ಅವನ ನಂತರದವು. ರೇಷ್ಮೆ, ಕಸ್ತೂರಿ, ಬೆಳ್ಳಿಗಳನ್ನು ಹೊತ್ತ ಸಾರ್ಥಗಳು, ಅಂದರೆ ವರ್ತಕರ ಒಂಟೆಸಾಲುಗಳು, ಈ ನೆಲವನ್ನು ಆಳಿದ್ದು ಅದಕ್ಕೂ ಏಳೆಂಟು ನೂರು ವರ್ಷ ಹಿಂದೆ, ಸಮರ್‌ಕಂದ್ ಸುತ್ತಣ ನಾಡಿನ ಪ್ರಾಚೀನ ಜನರಾದ ಸೊಗ್ಡಿಯನ್ ವರ್ತಕರ ಕಾಲದಲ್ಲಿ. ಅವರ ನಗರಗಳನ್ನು ನೋಡುವುದೇ ಉದ್ದೇಶವಾದರೆ ಕಟ್ಟಡಗಳ ಪಟ್ಟಿಯನ್ನು ಬದಿಗಿಟ್ಟು ನದಿಯೊಂದರ ನಕಾಶೆಯನ್ನು ಮುಂದಿಟ್ಟುಕೊಳ್ಳುವುದು ಮೇಲೆಂದು ನನಗೆ ತೋರಿತು. ನನ್ನ ಪ್ರವಾಸವನ್ನು ಹಾಗೆಯೇ ಹೆಣೆದೆ.

ಆ ನದಿ ಜರಫ್‌ಶಾನ್. ತಜಿಕಿಸ್ತಾನದ ಹಿಮನದಿಗಳಲ್ಲಿ ಹುಟ್ಟಿ, ಪಂಜಕೆಂಟಿನ ಬಳಿ ಬೆಟ್ಟಗಳಿಂದ ಬಯಲಿಗಿಳಿದು, ಸಮರ್‌ಕಂದಿಗೆ ನೀರುಣಿಸಿ, ಬುಖಾರಾದ ಹೊಲಗಳಲ್ಲಿ ಕವಲೊಡೆದು, ಅಮು ದರ್ಯಾ ನದಿಯನ್ನು ಸೇರುವ ಮೊದಲೇ ಮರಳಿನಲ್ಲಿ ಇಂಗಿಹೋಗುತ್ತದೆ. ಒಂಟೆಗಳು ಎಲ್ಲಿ ತಂಗಬಹುದು, ಊರು ಎಷ್ಟು ದೊಡ್ಡದಾಗಬಹುದು ಎಂಬುದನ್ನು ನಿರ್ಧರಿಸಿದ್ದು ಈ ನೀರು. ಹಾಗಾಗಿ ನದಿಯ ಮೇಲ್ದಂಡೆಯಲ್ಲಿ ಶುರುಮಾಡಿ ಅದು ಮುಗಿಯುವಲ್ಲಿಯವರೆಗೆ ಇಳಿಯುತ್ತ ಹೋಗುವುದೇ ನನ್ನ ಯೋಜನೆಯಾಯಿತು.

ಸಿದ್ಧತೆಯ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ದೆಹಲಿಗೆ ಹೋಗಿ ಅಲ್ಲಿಂದ ತಾಷ್ಕೆಂಟಿಗೆ ಹಾರುವುದು ಸುಲಭದ ದಾರಿ. ದೆಹಲಿಯಿಂದ ಸುಮಾರು ಮೂರು ಗಂಟೆಯ ಪಯಣ. ಭಾರತೀಯರಿಗೆ ಉಜ್ಬೇಕಿಸ್ತಾನ ಮತ್ತು ತಜಿಕಿಸ್ತಾನ ಎರಡೂ ಇ-ವೀಸಾ ಕೊಡುತ್ತವೆ. ಆದರೆ ನಡುವೆ ತಜಿಕಿಸ್ತಾನಕ್ಕೆ ಹೋಗಿ ಬರುವವರು ಉಜ್ಬೇಕಿಸ್ತಾನಕ್ಕೆ ಎರಡು ಬಾರಿ ಪ್ರವೇಶ ನೀಡುವ ವೀಸಾವನ್ನೇ ಕೇಳಬೇಕು, ಒಂದೇ ಪ್ರವೇಶದ ವೀಸಾ ಇದ್ದರೆ ಗಡಿ ದಾಟಿದವರು ಹಿಂದಿರುಗುವಂತಿಲ್ಲ. ಜುಲೈಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಜನವರಿಯಲ್ಲಿ ನೀರು ಹೆಪ್ಪುಗಟ್ಟುತ್ತದೆ. ಏಪ್ರಿಲ್-ಮೇ ಅಥವಾ ಸೆಪ್ಟೆಂಬರ್-ಅಕ್ಟೋಬರ್ ಹಿತವಾದ ಕಾಲ. ನಾನು ಆರಿಸಿಕೊಂಡದ್ದು ಸೆಪ್ಟೆಂಬರಿನ ಕೊನೆ, ಸಂತೆಗಳಲ್ಲಿ ಕರಬೂಜದ ರಾಶಿ ಬೀಳುವ ಹೊತ್ತು. ತಾಷ್ಕೆಂಟ್, ಸಮರ್‌ಕಂದ್, ಬುಖಾರಾಗಳನ್ನು ಜೋಡಿಸುವ ಅಫ್ರಾಸಿಯಾಬ್ ಎಂಬ ವೇಗದ ರೈಲಿನ ಟಿಕೆಟುಗಳು ಬೇಗನೆ ಮುಗಿದುಹೋಗುವುದರಿಂದ ಅವನ್ನು ವಾರಗಳ ಮೊದಲೇ ಕಾದಿರಿಸಬೇಕು. ಮಾಂಸ ತಿನ್ನದವರಿಗೆ ಊಟ ಕಷ್ಟವೇ ಸರಿ. ತಂದೂರಿನ ರೊಟ್ಟಿ, ಗಟ್ಟಿ ಮೊಸರು, ಟೊಮೆಟೊ-ಈರುಳ್ಳಿಯ ಕೋಸಂಬರಿ, ಕುಂಬಳಕಾಯಿ ತುಂಬಿದ ಸಮ್ಸಾ ಮತ್ತು ಹಣ್ಣುಗಳ ಮೇಲೆ ದಿನ ಕಳೆಯಲು ಮನಸ್ಸು ಸಿದ್ಧವಾಗಿದ್ದರೆ ಹಸಿವಿನಿಂದ ಇರಬೇಕಾಗುವುದಿಲ್ಲ.

ಸಮರ್‌ಕಂದಿನಲ್ಲಿ ಇಳಿದರೂ ಅಲ್ಲಿನ ಪ್ರಸಿದ್ಧ ಚೌಕವಾದ ರೇಗಿಸ್ತಾನದ ಕಡೆಗೆ ತಿರುಗದೆ ಮೊದಲು ಗಡಿಯಾಚೆ ತಜಿಕಿಸ್ತಾನದಲ್ಲಿರುವ ಪಂಜಕೆಂಟಿಗೆ ಹೋದೆ. ದೂರ ಸುಮಾರು 60 ಕಿಲೋಮೀಟರ್. ವರ್ಷಗಟ್ಟಲೆ ಮುಚ್ಚಿದ್ದ ಈ ಗಡಿ 2018ರಲ್ಲಿ ಮತ್ತೆ ತೆರೆಯಿತು. ಗಡಿಯವರೆಗೆ ಒಂದು ಟ್ಯಾಕ್ಸಿ, ಕಾಲ್ನಡಿಗೆಯಲ್ಲಿ ದಾಟಿದ ಮೇಲೆ ಇನ್ನೊಂದು. ಇಂದಿನ ಪಟ್ಟಣದ ಮೇಲುಭಾಗದ ಸಮತಟ್ಟಿನಲ್ಲಿ ಐದನೆಯ ಶತಮಾನದಿಂದ ಎಂಟನೆಯ ಶತಮಾನದವರೆಗೆ ಬಾಳಿದ ಹಳೆಯ ನಗರವಿದೆ. ಮೇಲ್ನೋಟಕ್ಕೆ ಅಲ್ಲಿ ಕಾಣುವುದು ಮಣ್ಣಿನ ಮೋಟುಗೋಡೆಗಳು ಮಾತ್ರ. ಆದರೆ ಬೀದಿಗಳ ಜಾಡು, ಎರಡು ದೇವಾಲಯಗಳ ತಳಪಾಯ, ಕಂದರದಾಚೆಗಿನ ಕೋಟೆ ಇವುಗಳನ್ನು ಒಂದೊಂದಾಗಿ ಗುರುತಿಸುತ್ತ ನಡೆದರೆ ನಗರ ತಾನಾಗಿ ಎದ್ದು ನಿಲ್ಲುತ್ತದೆ. ರಾಜನ ಅರಮನೆಯಲ್ಲಷ್ಟೇ ಅಲ್ಲ, ಸಾಮಾನ್ಯ ಉಳ್ಳವರ ಮನೆಗಳ ಗೋಡೆಗಳ ಮೇಲೂ ಇಲ್ಲಿ ಚಿತ್ರಗಳಿದ್ದವು. ಅವುಗಳ ಮೂಲಗಳು ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟಾಜ್ ವಸ್ತುಸಂಗ್ರಹಾಲಯದಲ್ಲೂ ತಜಿಕಿಸ್ತಾನದ ರಾಜಧಾನಿ ದುಶಾನ್ಬೆಯಲ್ಲೂ ಇವೆ. ಅವುಗಳಲ್ಲಿ ಇರಾನಿ ಕಥೆಗಳ ವೀರ ರುಸ್ತಮನ ಸಾಹಸಗಳ ಜೊತೆಗೆ ಪಂಚತಂತ್ರದ ಕಥೆಗಳೂ ಇವೆ. ಬಾವಿಯಲ್ಲಿ ತನ್ನದೇ ನೆರಳನ್ನು ಕಂಡು ಹಾರಿದ ಸಿಂಹ, ಅದಕ್ಕೆ ಬುದ್ಧಿ ಕಲಿಸಿದ ಮೊಲ. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹ ಕನ್ನಡಕ್ಕೆ ತಂದ ಕಥೆಗಳು ಅದಕ್ಕೂ ಮುನ್ನೂರು ವರ್ಷ ಮೊದಲೇ ಈ ಬೆಟ್ಟದೂರಿನ ಮನೆಯಂಗಳ ತಲುಪಿದ್ದವು ಎಂಬುದನ್ನು ನೆನೆದಾಗ ನನಗೆ ಆ ಜಾಗ ಪರದೇಶವೆನ್ನಿಸಲಿಲ್ಲ.

ಪಂಜಕೆಂಟಿನ ಕೊನೆಯ ಸೊಗ್ಡಿಯನ್ ದೊರೆ ದೇವಾಶ್ತಿಚ್ 722ರಲ್ಲಿ ಅರಬರಿಂದ ತಪ್ಪಿಸಿಕೊಂಡು ಮುಘ್ ಬೆಟ್ಟದ ಕೋಟೆಯನ್ನು ಸೇರಿದ, ಅಲ್ಲಿಯೂ ಉಳಿಯಲಿಲ್ಲ. ಅವನು ಒಯ್ದಿದ್ದ ದಾಖಲೆಗಳು ಮಾತ್ರ ಉಳಿದವು. 1930ರ ದಶಕದಲ್ಲಿ ಸಿಕ್ಕ ಆ ತೊಗಲು, ಕಾಗದ, ಕಟ್ಟಿಗೆಗಳ ಮೇಲಿನ ಬರಹಗಳಲ್ಲಿ ಒಂದು ಮದುವೆಯ ಕರಾರಿದೆ, ಹಿಟ್ಟಿನ ಗಿರಣಿಗಳ ಗುತ್ತಿಗೆ ಪತ್ರವಿದೆ. ಯುದ್ಧಗಳ ಇತಿಹಾಸ ಹೇಳದೆ ಬಿಟ್ಟ ಊರಿನ ದಿನಚರಿ ಇವುಗಳಲ್ಲಿ ದೊರೆಯುತ್ತದೆ. ಸಾಧ್ಯವಾದರೆ ಇವುಗಳ ಬಗ್ಗೆ ಓದಿಕೊಂಡೇ ಪಂಜಕೆಂಟಿಗೆ ಹೋಗಬೇಕು, ಓದದೆ ಹೋದವರಿಗೆ ಬರೀ ಮಣ್ಣು ಕಾಣುತ್ತದೆ.

ನದಿಯೊಂದಿಗೆ ಇಳಿದು ಸಮರ್‌ಕಂದಿಗೆ ಮರಳಿದಾಗಲೂ ನಾನು ಮೊದಲು ಹತ್ತಿದ್ದು ನಗರದ ಉತ್ತರಕ್ಕಿರುವ ಅಫ್ರಾಸಿಯಾಬ್ ದಿಬ್ಬವನ್ನು. 1220ರಲ್ಲಿ ಚಂಗೀಸ್‌ಖಾನನ ಸೇನೆ ನಾಶಮಾಡಿದ ಹಳೆಯ ಸಮರ್‌ಕಂದ್ ಇದೇ. ಪಕ್ಕದ ವಸ್ತುಸಂಗ್ರಹಾಲಯದಲ್ಲಿ, 1965ರಲ್ಲಿ ರಸ್ತೆ ಕೆಲಸದ ವೇಳೆ ಹೊರಬಂದ ಏಳನೆಯ ಶತಮಾನದ ಭಿತ್ತಿಚಿತ್ರಗಳಿವೆ. ದೊರೆ ವರ್ಖುಮಾನನ ಕಾಲದ ಈ ಕೋಣೆಯ ಒಂದು ಗೋಡೆಯಲ್ಲಿ ದೂರದೂರದ ರಾಯಭಾರಿಗಳು ಸಾಲಾಗಿ ಬರುತ್ತಾರೆ. ಚೀನೀಯರ ಕೈಯಲ್ಲಿ ರೇಷ್ಮೆಯಿದೆ, ಕೊರಿಯಾದವರ ತಲೆಯಲ್ಲಿ ಗರಿಯಿದೆ. ಬಹಳ ಹಾಳಾಗಿರುವ ಪೂರ್ವದ ಗೋಡೆಯ ಚಿತ್ರ ಭಾರತಕ್ಕೆ ಸಂಬಂಧಿಸಿದ್ದೆಂದು ವಿದ್ವಾಂಸರು ಗುರುತಿಸುತ್ತಾರೆ. ಲೋಕದ ನಾಲ್ಕು ದಿಕ್ಕುಗಳೂ ತನ್ನ ಅಂಗಳದಲ್ಲಿ ಕೂಡುತ್ತವೆ ಎಂದು ಒಂದು ವ್ಯಾಪಾರಿ ನಗರ ತನ್ನ ಬಗ್ಗೆ ತಾನೇ ಹೇಳಿಕೊಂಡ ಮಾತಿದು. ಸಮರ್‌ಕಂದಿನಲ್ಲಿ ಒಂದನ್ನೇ ನೋಡಲು ಸಮಯವಿದ್ದರೆ ನಾನು ಇದನ್ನೇ ನೋಡಿ ಎನ್ನುತ್ತೇನೆ.

ಈ ವರ್ತಕರ ಪತ್ರಗಳೂ ಉಳಿದಿವೆ. 1907ರಲ್ಲಿ ಪುರಾತತ್ವಜ್ಞ ಆರೆಲ್ ಸ್ಟೈನ್ ಚೀನಾದ ದುನ್‌ಹುವಾಂಗ್ ಬಳಿಯ ಕಾವಲುಗೋಪುರವೊಂದರಲ್ಲಿ ಕಂಡುಕೊಂಡ, ನಾಲ್ಕನೆಯ ಶತಮಾನದ ಆರಂಭದ ಆ ಸೊಗ್ಡಿಯನ್ ಪತ್ರಗಳಲ್ಲಿ ಒಂದು ಸಮರ್‌ಕಂದಿನ ವಿಳಾಸಕ್ಕೆ ಬರೆದದ್ದು. ಲುವೊಯಾಂಗ್ ನಗರ ಸುಟ್ಟುಹೋದ ಸುದ್ದಿ ಅದರಲ್ಲಿದೆ, ಕಳುಹಿಸಿದ ಕಸ್ತೂರಿಯ ಲೆಕ್ಕವೂ ಇದೆ. ಇನ್ನೆರಡು ಪತ್ರಗಳು ಮಿವ್ನಾಯ್ ಎಂಬ ಹೆಂಗಸಿನವು. ಗಂಡ ದುನ್‌ಹುವಾಂಗಿನಲ್ಲಿ ಕೈಬಿಟ್ಟುಹೋಗಿ, ಊರಿಗೆ ಮರಳಲು ದಾರಿ ಕಾಣದೆ ಬರೆದವು. ಅವು ವಿಳಾಸದಾರರನ್ನು ಎಂದೂ ಮುಟ್ಟಲಿಲ್ಲ. ರೇಷ್ಮೆ ದಾರಿಯ ವೈಭವದ ಮಾತು ಬಂದಾಗಲೆಲ್ಲ ಈಕೆಯನ್ನು ನೆನೆಯಬೇಕೆಂದು ನನಗನ್ನಿಸುತ್ತದೆ.

ಇಷ್ಟಾದ ಮೇಲೆ ರೇಗಿಸ್ತಾನದ ಮೂರು ಮದರಸಾಗಳು ಇನ್ನಷ್ಟು ಚೆನ್ನಾಗಿ ಕಂಡವು. ಅವುಗಳಲ್ಲಿ ಹಳೆಯದಾದ ಉಲುಗ್ ಬೇಗನ ಮದರಸಾ 1420ರಲ್ಲಿ ಮುಗಿದದ್ದು. ಅವನು ತನ್ನ ವೀಕ್ಷಣಾಲಯದಲ್ಲಿ ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಸ್ಥಾನವನ್ನು ಅಳೆಸಿದ ರಾಜ; ನೆಲದೊಳಗೆ ಉಳಿದಿರುವ ಆ ಮಾಪಕದ ಕಮಾನನ್ನು ನೋಡದೆ ಬರಬಾರದು.

ಬುಖಾರಾದಲ್ಲಿ ವ್ಯಾಪಾರ ಇನ್ನೂ ಕಣ್ಣಿಗೆ ಕಾಣುತ್ತದೆ. 1127ರ ಕಲ್ಯಾಣ್ ಮಿನಾರ್ ಮಂಗೋಲರ ದಾಳಿಯನ್ನು ದಾಟಿ ನಿಂತಿದೆ, ಆದರೆ ನಾನು ಹೆಚ್ಚು ಹೊತ್ತು ಕಳೆದದ್ದು ಬೀದಿ ಕೂಡುವೆಡೆಗಳಲ್ಲಿ ಹದಿನಾರನೆಯ ಶತಮಾನದಲ್ಲಿ ಎದ್ದ ಮಾರುಕಟ್ಟೆಯ ಗುಮ್ಮಟಗಳ ಕೆಳಗೆ. ಅಕ್ಕಸಾಲಿಗರಿಗೊಂದು, ಟೋಪಿ ಮಾರುವವರಿಗೊಂದು, ಹಣ ಬದಲಿಸುವ ಸರಾಫರಿಗೊಂದು. 1558ರಲ್ಲಿ ಇಲ್ಲಿಗೆ ಬಂದ ಇಂಗ್ಲಿಷ್ ವರ್ತಕ ಆಂಟನಿ ಜೆಂಕಿನ್ಸನ್, ಭಾರತದ ವ್ಯಾಪಾರಿಗಳು ರುಮಾಲಿಗಾಗಿ ನಯವಾದ ಬಿಳಿಯ ಬಟ್ಟೆ ತರುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಮುಂದೆ ಮುಲ್ತಾನಿನ ಸಾಹುಕಾರರು ಇಲ್ಲಿಯೇ ನೆಲೆಸಿ ಬಡ್ಡಿ ವ್ಯವಹಾರ ನಡೆಸಿದರು.

ಬುಖಾರಾದ ನೈಋತ್ಯಕ್ಕೆ, ನದಿಯ ಕೊನೆಯಲ್ಲಿ, ಪೈಕಂದ್ ಇದೆ. ಪ್ಯಾಕೇಜ್ ಪ್ರವಾಸಗಳಲ್ಲಿ ಅದರ ಹೆಸರು ಕಾಣುವುದು ಅಪರೂಪ, ಕಾರು ಗೊತ್ತುಮಾಡಿಕೊಂಡೇ ಹೋಗಬೇಕು. ಅದು ವರ್ತಕರೇ ನಡೆಸಿದ ನಗರ. ಎಂಟನೆಯ ಶತಮಾನದ ಮೊದಲಲ್ಲಿ ಅರಬ್ ಸೇನಾನಿ ಕುತೈಬಾ ಅದನ್ನು ಸೂರೆಮಾಡಿದಾಗ ಊರಿನ ಗಂಡಸರು ವ್ಯಾಪಾರಕ್ಕೆಂದು ಚೀನಾಕ್ಕೆ ಹೋಗಿದ್ದರು. ಮರಳಿ ಬಂದು ಸೆರೆಯಾಗಿದ್ದ ಹೆಂಡಿರು ಮಕ್ಕಳನ್ನು ಹಣ ತೆತ್ತು ಬಿಡಿಸಿಕೊಂಡು ಊರನ್ನು ಮತ್ತೆ ಕಟ್ಟಿದರೆಂದು ಬುಖಾರಾದ ಚರಿತ್ರಕಾರ ನರ್ಶಖಿ ಹೇಳುತ್ತಾನೆ. ಸೂರೆಯಿಂದ ಚೇತರಿಸಿಕೊಂಡ ಪೈಕಂದ್ ನೀರಿನ ಕೊರತೆಯಿಂದ ಚೇತರಿಸಿಕೊಳ್ಳಲಿಲ್ಲ. ಜರಫ್‌ಶಾನ್ ಹಿಂದೆ ಸರಿದಂತೆ ಜನ ಊರು ಬಿಟ್ಟರು.

ಖೀವಾ ಈ ನದಿಯ ಮಗುವಲ್ಲ, ಅಮು ದರ್ಯಾದ ಕಾಲುವೆಗಳದ್ದು. ಕಿಜಿಲ್‌ಕುಮ್ ಮರಳುಗಾಡನ್ನು ರೈಲಿನಲ್ಲಿ ದಾಟಿ ಹೋಗಿ ಅದರ ಮಣ್ಣಿನ ಕೋಟೆಯೊಳಗೆ ಅಡ್ಡಾಡಿ, ಉರ್ಗೆಂಚ್‌ನಿಂದ ತಾಷ್ಕೆಂಟಿಗೆ ವಿಮಾನ ಹಿಡಿದೆ. ಸಾರ್ಥದ ದಾರಿಯ ಇನ್ನೊಂದು ಹಳೆಯ ನಗರವಾದ ಮರ್ವ್ ಅನ್ನು ಬೇಕೆಂದೇ ಕೈಬಿಟ್ಟಿದ್ದೆ. ಅದು ತುರ್ಕ್‌ಮೆನಿಸ್ತಾನದಲ್ಲಿದೆ, ನಾನು ಹೊರಟಾಗ ಅಲ್ಲಿಗೆ ಆಮಂತ್ರಣ ಪತ್ರವಿಲ್ಲದೆ ವೀಸಾ ಸಿಗುತ್ತಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ ಮರ್ವ್ ಬೆಳೆದದ್ದು ಮುರ್ಗಾಬ್ ನೀರಿನಲ್ಲಿ, ಅದನ್ನು ನೋಡಲು ಹೊರಡುವವರು ಆ ನದಿಯ ನಕಾಶೆಯಿಂದಲೇ ಇನ್ನೊಂದು ಪ್ರವಾಸವನ್ನು ಹೆಣೆಯಬೇಕು.