ಡಿಸೈನ್ ಎಲ್ಲಿಂದ ಹೊಳೆಯುತ್ತೆ ಅಂತ ಕೇಳುವವರಿಗೆ

ಮರಗೆಲಸ ಮಾಡುವವರನ್ನು ಕಂಡರೆ ಮರ ಯಾವುದು, ಎಷ್ಟು ಒಣಗಿಸಿದ್ದು ಅಂತ ಯಾರೂ ಕೇಳಲ್ಲ. "ಈ ಡಿಸೈನೆಲ್ಲ ನಿಮಗೆ ಎಲ್ಲಿಂದ ಹೊಳೆಯುತ್ತೆ ಸಾರ್?" ಅನ್ನುತ್ತಾರೆ. ಉತ್ತರ ಶುರುವಾಗುವ ಮುಂಚೆಯೇ ಫೋನ್ ಹೊರಗೆ ಬಂದಿರುತ್ತೆ: "ಯಾವ ಆ್ಯಪಲ್ಲಿ ನೋಡ್ತೀರಿ? ಹೆಸರು ಹೇಳಿ ಸಾಕು." ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಇದನ್ನೇ ಓದಿಕೊಳ್ಳಿ.

ಹೊಳೆಯೋದು ಪಾಲಿಶ್ ಮಾತ್ರ. ಡಿಸೈನ್ ಬೇಕಿದ್ದರೆ ಜೇಬಿನಲ್ಲಿ ಟೇಪು ಇಟ್ಟುಕೊಂಡು ಮನೆಯಿಂದ ಹೊರಗೆ ಬನ್ನಿ. ಕೂತರೆ ಏಳೋಕೆ ಮನಸ್ಸಾಗದ ಜಗಲಿ ಇರುತ್ತಲ್ಲ, ಅದರ ಎತ್ತರ ಅಳೆಯಿರಿ. ಪಾದ ನೆಲಕ್ಕೆ ಊರಿ, ಮೊಣಕಾಲು ಲಂಬಕೋನಕ್ಕೆ ಮಡಚುವಂಥದ್ದಾದರೆ ಅದು 16ರಿಂದ 18 ಇಂಚಿನೊಳಗೆ ಇರುತ್ತೆ. ನಿಮ್ಮ ಬೆಂಚಿಗೂ ಅದೇ ಎತ್ತರ ಇಡಿ. ಆದರೆ ಜಗಲಿ ಕಲ್ಲಿನದು, ಬಗ್ಗಲ್ಲ. ಒಂದು ಇಂಚಿನ ಹಲಗೆಯಲ್ಲಿ 4 ಅಡಿ ಬೆಂಚು ಮಾಡಿದರೆ ಇಬ್ಬರು ಕೂತಾಗ ನಡು ತಗ್ಗುತ್ತೆ. ಹಲಗೆಯ ಕೆಳಗೆ ಉದ್ದಕ್ಕೂ 3 ಇಂಚು ಎತ್ತರದ ಪಟ್ಟಿ ನಿಲ್ಲಿಸಬೇಕು.

ಫೋನಿನಲ್ಲಿ ಅತಿ ಹೆಚ್ಚು ತೋರಿಸುವ ಚಿತ್ರ ಅರಳಿ ಎಲೆಯ ತಟ್ಟೆ. ಅರಳಿ ಮರ ಬೀದಿ ಬೀದಿಯಲ್ಲಿ ಇರುವಾಗ ಅದರ ಎಲೆಗೂ ಫೋನೇ ಬೇಕು! ಇರಲಿ. ಎಲೆಯ ಆಕಾರ ಬರೆದು ಕತ್ತರಿಸುವುದು ಹತ್ತು ನಿಮಿಷದ ಕೆಲಸ. ನಡುನರಕ್ಕೆ ಅಡ್ಡವಾಗಿ ಮರದ ನಾರು ಬಂದಿದ್ದರೆ ಬಾಲದಂಥ ಆ ತುದಿ ಮೊದಲ ಸಲ ಕೈಜಾರಿದಾಗಲೇ ಮುರಿಯುತ್ತೆ. ನಾರು ನಡುನರದ ಉದ್ದಕ್ಕೇ ಇರಬೇಕು. ಹಾಗೆ ಇಟ್ಟರೂ ತುದಿಯನ್ನು ನಿಜವಾದ ಎಲೆಯಷ್ಟು ನೀಳ ಮಾಡಬೇಡಿ. 12 ಮಿ.ಮೀ. ಅಗಲಕ್ಕೆ ನಿಲ್ಲಿಸಿ ದುಂಡು ಮಾಡಿ.

ಈ ತಟ್ಟೆಗೆ ಬೇಕಾದ ಒಂಬತ್ತು ಹತ್ತು ಇಂಚು ಅಗಲದ ಒಳ್ಳೆ ಹಲಗೆ ಸುಲಭಕ್ಕೆ ಸಿಗಲ್ಲ. 40 ಮಿ.ಮೀ. ದಪ್ಪದ, ಐದೂವರೆ ಇಂಚು ಅಗಲದ ತುಂಡನ್ನು ದಪ್ಪದಲ್ಲಿ ಎರಡಾಗಿ ಸೀಳಿ, ಪುಸ್ತಕ ಬಿಚ್ಚಿದ ಹಾಗೆ ತೆರೆದು ಅಂಟಿಸಿ. ಎಡಬಲದ ಗೆರೆಗಳು ಒಂದಕ್ಕೊಂದು ಕನ್ನಡಿ ಹಿಡಿದಂತೆ ಕೂರುತ್ತವೆ, ಅಂಟಿನ ಗೆರೆ ನಡುನರದೊಳಗೆ ಮುಚ್ಚಿಹೋಗುತ್ತೆ. ಸೀಳಿದ ದಿನವೇ ಅಂಟಿಸಬಾರದು. ಒಳಗಿನ ತೇವ ಹೊರಬಿದ್ದು ಹಲಗೆ ಬಾಗುತ್ತೆ. ನಡುವೆ ಕಡ್ಡಿ ಇಟ್ಟು ಒಂದೆರಡು ವಾರ ಬಿಟ್ಟು, ಆಮೇಲೆ ಉಜ್ಜುಗೊರಡು ಹಾಕಿ 16 ಮಿ.ಮೀ.ಗೆ ತನ್ನಿ. 9 ಮಿ.ಮೀ. ತೋಡಿದರೆ ತಳಕ್ಕೆ 7 ಉಳಿಯುತ್ತೆ, ಸಾಕು.

ಇಷ್ಟು ಹೇಳಿದ ಮೇಲೂ "ಐಡಿಯಾ ಎಲ್ಲಿಂದ?" ಅಂತಲೇ ಕೇಳುತ್ತಾರೆ. "ನೋಡಿದ್ದರಲ್ಲಿ ಏನನ್ನ ಬಿಟ್ಟಿರಿ?" ಅಂತ ಯಾರಾದರೂ ಕೇಳಬಾರದೇ? ಮರ ಹಾಳಾಗುವುದು ಬಿಡಬೇಕಾದದ್ದನ್ನು ಬಿಡದೆ ಇದ್ದಾಗ.

ಬೇಲೂರಿಗೆ ಹೋಗಿ ಬಂದವರಿಗೆಲ್ಲ ಚೆನ್ನಕೇಶವನ ಗುಡಿಯ ಕಂಬದಂಥ ಮೇಜಿನ ಕಾಲು ಬೇಕು. ಲೇತಿನಲ್ಲಿ ಕಡೆದ ಹಾಗಿರುವ ಆ ಬಳೆಗಳು, ಒಂದು ಉಬ್ಬಿಗೂ ಇನ್ನೊಂದಕ್ಕೂ ನಡುವಿನ ಅಂತರ, ಅಲ್ಲಿ ಬೀಳುವ ನೆರಳು, ಎಲ್ಲ ತರಬಹುದು. ಬಳೆಗಳ ನಡುವೆ ತೀರಾ ಸಪೂರಾಗಿ ಇಳಿಯುವ ಆ ಕಂಠ ತರಬಾರದು. ಬಳಪದ ಕಲ್ಲಿನ ಕಂಬದ ಮೇಲೆ ಭಾರ ನೇರ ಕೆಳಗೆ ಇಳಿಯುತ್ತೆ. ಮೇಜನ್ನು ಎಳೆದಾಡುತ್ತಾರೆ, ಕಾಲಿಗೆ ಬಲ ಪಕ್ಕದಿಂದ ಬೀಳುತ್ತೆ. ದುಂಡು ಕಾಲಿನ ವ್ಯಾಸ ಅರ್ಧಕ್ಕೆ ಇಳಿದರೆ ಅಲ್ಲಿ ಬಾಗುವಿಕೆ ತಡೆಯುವ ಶಕ್ತಿ ಎಂಟನೇ ಒಂದು ಪಾಲಿಗೆ ಇಳಿಯುತ್ತೆ. 60 ಮಿ.ಮೀ. ಕಾಲಿಗೆ ಕಂಠ 40ಕ್ಕಿಂತ ಸಣ್ಣದು ಬೇಡ. ಚಿತ್ರದ ಹಾಗೆ ಕಾಣಲ್ಲ ಅಂತೀರಾ? ಕಾಣಲ್ಲ.

ಇದಕ್ಕೆ ಉಲ್ಟಾ ಕಥೆ ಹಳೇ ಮನೆಯ ಬಾಗಿಲಿನದು. ಅಲ್ಲಿ ಚೌಕಟ್ಟಿನೊಳಗೆ ಕೂರಿಸಿದ ಹಲಗೆ, ಅಂದರೆ ಪ್ಯಾನೆಲ್ ನೋಡಿ, ಪ್ಲೈವುಡ್ ಮೇಲೆ ಬೀಡಿಂಗ್ ಪಟ್ಟಿ ಹೊಡೆದು "ಹಳೇ ಶೈಲಿ" ಅನ್ನುತ್ತಾರೆ. ಬಿಡಬೇಕಿದ್ದ ಗೆರೆ ಬಂತು, ಬರಬೇಕಿದ್ದ ಕೆಲಸ ಹಿಂದೆ ಉಳಿಯಿತು. ಆ ಪ್ಯಾನೆಲ್ ಅಲಂಕಾರಕ್ಕೆ ಹುಟ್ಟಿದ್ದಲ್ಲ. ಮರ ಉದ್ದಕ್ಕೆ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ, ಅಗಲಕ್ಕೆ ಹಿಗ್ಗುತ್ತೆ. 300 ಮಿ.ಮೀ. ಅಗಲದ ತೇಗದ ಹಲಗೆ ಕೂಡ ಬೇಸಿಗೆಗೂ ಮಳೆಗಾಲಕ್ಕೂ ಎರಡು ಮೂರು ಮಿ.ಮೀ. ಆಡಬಲ್ಲದು. ಅದಕ್ಕೇ ಪ್ಯಾನೆಲ್ಲನ್ನು ಚೌಕಟ್ಟಿನಲ್ಲಿ ತೋಡಿದ ಕಾಲುವೆ, ಅಂದರೆ ಗ್ರೂವ್ ಒಳಗೆ ಅಂಟಿಲ್ಲದೆ ಸಡಿಲ ಬಿಡುವುದು. ಗ್ರೂವ್ 10 ಮಿ.ಮೀ. ಆಳ ಇದ್ದರೆ, ಬೇಸಿಗೆಯಲ್ಲಿ ಕೂರಿಸುವ ಪ್ಯಾನೆಲ್ ಎರಡೂ ಪಕ್ಕ ಏಳೇಳು ಮಿ.ಮೀ. ಒಳಗೆ ಹೋಗಲಿ. ಮಳೆಗಾಲದಲ್ಲಿ ಕೂರಿಸುವುದಾದರೆ ಒಂಬತ್ತರವರೆಗೂ ತಳ್ಳಿ, ಮುಂದೆ ಕುಗ್ಗುವುದೇ ತಾನೆ. ಅತ್ತಿತ್ತ ಸರಿಯದ ಹಾಗೆ ಮೇಲೆ ಕೆಳಗೆ ನಟ್ಟನಡುವೆ ಒಂದೊಂದೇ ಮೊಳೆ. ಜೋಡಿಸುವ ಮುಂಚೆಯೇ ಪ್ಯಾನೆಲ್ಲಿನ ಅಂಚಿಗೂ ಪಾಲಿಶ್ ಮಾಡಿ. ಇಲ್ಲದಿದ್ದರೆ ಏಪ್ರಿಲ್ ಬಂದಾಗ ಗ್ರೂವ್ ಪಕ್ಕದಿಂದ ಪಾಲಿಶ್ ಕಾಣದ ಬಿಳಿ ಗೆರೆ ಇಣುಕುತ್ತೆ.

ಬಾಗಿಲಿನ ಈ ಉಪಾಯ ಮೇಜಿನ ಹಲಗೆಗೂ ಆಗುತ್ತೆ. ಕೆಳಗಿನ ಚೌಕಟ್ಟಿಗೆ ಹಲಗೆಯನ್ನು ಅಂಟಿಸಬೇಡಿ. ನಡುವಿನ ಸ್ಕ್ರೂಗೆ ದುಂಡು ತೂತು, ಎರಡೂ ಪಕ್ಕದವಕ್ಕೆ ಹಲಗೆ ಹಿಗ್ಗುವ ದಿಕ್ಕಿನಲ್ಲಿ 8 ಮಿ.ಮೀ. ಉದ್ದದ ತೂತು, ಸ್ಕ್ರೂ ತಲೆಯ ಕೆಳಗೆ ವಾಷರ್. ಬಿಗಿಯುವಾಗ ಪೂರ್ತಿ ಬಿಗಿದು ಕಾಲು ಸುತ್ತು ಹಿಂದಕ್ಕೆ ತಿರುಗಿಸಿ.